ಮೆಕ್ಕೆಜೋಳದ ರೊಟ್ಟಿಗೆ ಒಂದು ಚಮಚ ಸುಣ್ಣ

ಕಳೆದ ಮಳೆಗಾಲದಲ್ಲಿ ನಮ್ಮ ಅಡುಗೆಮನೆಯಲ್ಲಿ ನನಗೊಂದು ಸೋಲಾಯಿತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಾಲೆಯ ಹುಡುಗರಿಗೆ ಇತಿಹಾಸ ಹೇಳಿ ನಿವೃತ್ತನಾದವನು ನಾನು. ಕೊಲಂಬಸನು 1492ರಲ್ಲಿ ಹಡಗು ಹತ್ತಿದ್ದು, ಕೊರ್ಟೆಸನು 1521ರಲ್ಲಿ ಮೆಕ್ಸಿಕೋದವರ ರಾಜಧಾನಿಯನ್ನು ಹಿಡಿದದ್ದು, ಇವನ್ನೆಲ್ಲ ಅರೆನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಆದರೆ ಮೆಕ್ಸಿಕೋದ ಹೆಣ್ಣುಮಕ್ಕಳು ದಿನಬೆಳಗಾದರೆ ಮಾಡುವ ಒಂದು ರೊಟ್ಟಿಯನ್ನು ಮಾಡುವುದು ನನ್ನಿಂದ ಆಗಲಿಲ್ಲ.

ಪ್ರಸಂಗ ಹೀಗೆ. ಮಗಳು ಅಮೆರಿಕದ ಸ್ಯಾನ್ ಡಿಯೇಗೋ ನಗರದಲ್ಲಿದ್ದಾಳೆ. ಅಲ್ಲಿಗೆ ಹೋಗಿದ್ದಾಗ ಅವಳು ನನಗೆ ಮೀನಿನ ಟಾಕೊ ತಿನ್ನಿಸಿದಳು. ಅಂಗೈಯಗಲದ ಎರಡು ಜೋಳದ ರೊಟ್ಟಿ, ಅದರೊಳಗೆ ಹಿಟ್ಟಿನಲ್ಲಿ ಅದ್ದಿ ಕರಿದ ಬಿಸಿ ಮೀನಿನ ತುಂಡು, ಸಣ್ಣಗೆ ಹೆಚ್ಚಿದ ಕೋಸು, ಟೊಮೇಟೊ ಹಸಿಮೆಣಸಿನ ಚಟ್ನಿ, ಮೇಲೆ ಹಿಂಡಿದ ನಿಂಬೆ. ಮಡಿಸಿ ಹಿಡಿದು ತಿನ್ನಬೇಕು. ನಾನು ಕುಂದಾಪುರದ ಕಡೆಯವನು. ಮೀನು ನನಗೆ ಹೊಸದಲ್ಲ. ಆದರೆ ಆ ರೊಟ್ಟಿಯ ಪರಿಮಳ ಹೊಸದು. ಊರಿಗೆ ಬಂದಮೇಲೂ ಅದು ಮರೆಯಲಿಲ್ಲ. ಅಂಗಡಿಯಿಂದ ಮೆಕ್ಕೆಜೋಳದ ಹಿಟ್ಟು ತಂದೆ, ಬಿಸಿನೀರಿನಲ್ಲಿ ಕಲಸಿದೆ, ತಟ್ಟಿದೆ, ಕಾವಲಿಗೆ ಹಾಕಿದೆ. ಅದು ಬರಗಾಲದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತು, ಮಗುಚುವಷ್ಟರಲ್ಲಿ ಚೂರುಚೂರಾಯಿತು. "ಹಿಟ್ಟಿಗೆ ಜಿಗಿ ಇಲ್ಲ" ಎಂದು ಮನೆಯವಳು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು.

ಮಗಳಿಗೆ ಫೋನು ಮಾಡಿದೆ. ಅವಳ ನೆರೆಮನೆಯಲ್ಲಿ ಮೆಕ್ಸಿಕೋದ ಓಹಾಕಾ ಪ್ರಾಂತದ ಒಬ್ಬ ಮುದುಕಿ ಇದ್ದಾಳೆ. ಮಗಳು ನನ್ನ ಸಂಕಟವನ್ನು ಹೇಳಿದಾಗ ಆಕೆ ನಕ್ಕು, ಮರುಪ್ರಶ್ನೆ ಕೇಳಿದಳಂತೆ: "ನಿಮ್ಮ ತಂದೆ ಸುಣ್ಣ ಹಾಕಿದರೋ ಇಲ್ಲವೋ?"

ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು. ರೊಟ್ಟಿಗೂ ಸುಣ್ಣಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ನಾನೂ ಹಾಗೆಯೇ ಕೇಳಿದೆ. ಉತ್ತರವನ್ನು ಹುಡುಕಿ ಹೊರಟಾಗ, ನಾನು ಇಷ್ಟು ವರ್ಷ ಹೇಳುತ್ತಿದ್ದ ಪಾಠದಲ್ಲಿ ಅರ್ಧ ಭಾಗ ಬಿಟ್ಟುಹೋಗಿತ್ತೆಂಬುದು ತಿಳಿಯಿತು.

ಮೆಕ್ಕೆಜೋಳವು ತಾನಾಗಿ ಹುಟ್ಟಿದ ಬೆಳೆಯಲ್ಲ. ಮೆಕ್ಸಿಕೋದ ನೈಋತ್ಯದಲ್ಲಿ ಬಾಲ್ಸಾಸ್ ಎಂಬ ನದಿಯ ಕಣಿವೆಯಿದೆ. ಅಲ್ಲಿ ಟಿಯೊಸಿಂಟೆ ಎಂಬ ಕಾಡುಹುಲ್ಲು ಬೆಳೆಯುತ್ತದೆ. ಅದರ ತೆನೆಯಲ್ಲಿ ಹತ್ತರ ಆಚೆ ಈಚೆ ಕಾಳು. ಒಂದೊಂದು ಕಾಳಿಗೂ ಕಲ್ಲಿನಂಥ ಕವಚ. ಸುಮಾರು 9,000 ವರ್ಷಗಳ ಹಿಂದೆ ಅಲ್ಲಿಯ ಜನ ಅದರಲ್ಲಿ ಒಳ್ಳೆಯದನ್ನು ಆರಿಸಿ ಬಿತ್ತಿ, ಮತ್ತೆ ಆರಿಸಿ ಬಿತ್ತಿ, ತಲೆತಲಾಂತರದಲ್ಲಿ ಅದನ್ನು ನಾವು ಕಾಣುವ ತೆನೆಯನ್ನಾಗಿ ಮಾಡಿದರು. ಅದೇ ಪ್ರದೇಶದ ಒಂದು ಕಲ್ಲಾಸರೆಯಲ್ಲಿ ದೊರೆತ ಅರೆಯುವ ಕಲ್ಲುಗಳ ಮೇಲೆ ಸುಮಾರು 8,700 ವರ್ಷ ಹಳೆಯ ಮೆಕ್ಕೆಜೋಳದ ಕುರುಹುಗಳನ್ನು ವಿದ್ವಾಂಸರು ಗುರುತಿಸಿ 2009ರಲ್ಲಿ ಪ್ರಕಟಿಸಿದರು. ಈ ಬೆಳೆಗೆ ಮನುಷ್ಯನ ಕೈ ಬೇಕೇ ಬೇಕು. ತೆನೆಗೆ ಮುಸುಕು ಗಟ್ಟಿ. ಕಾಳು ತಾನಾಗಿ ಉದುರದು. ಬಿಡಿಸಿ ಬಿತ್ತುವವರು ಇಲ್ಲದಿದ್ದರೆ ಅದರ ವಂಶವೇ ನಿಂತುಹೋದೀತು.

ಈ ಗಟ್ಟಿಕಾಳನ್ನು ತಿನ್ನುವುದು ಹೇಗೆ? ಅಲ್ಲಿಯ ಹೆಂಗಸರು ಒಂದು ಉಪಾಯ ಕಂಡುಕೊಂಡರು. ನೀರಿಗೆ ಸುಣ್ಣವನ್ನೋ ಬೂದಿಯನ್ನೋ ಬೆರೆಸಿ ಕಾಳನ್ನು ಬೇಯಿಸಿ, ರಾತ್ರಿಯೆಲ್ಲ ಅದರಲ್ಲೇ ನೆನೆಯಬಿಟ್ಟು, ಬೆಳಿಗ್ಗೆ ಉಜ್ಜಿ ತೊಳೆದು ಅರೆಯುವುದು. ಹೀಗೆ ಹದಗೊಂಡ ಕಾಳಿಗೆ ನಿಶ್ತಮಾಲ್ ಎಂದು ಹೆಸರು. ಆ ನಾಡಿನ ನಾವಾತ್ಲ್ ಭಾಷೆಯಲ್ಲಿ ನೆಶ್ತ್ಲಿ ಎಂದರೆ ಬೂದಿ. ಹೆಸರಿನಲ್ಲೇ ಬೂದಿ ಕುಳಿತಿದೆ. ಕ್ರಿಸ್ತಪೂರ್ವ 1500ರಿಂದ 1200ರ ಸುಮಾರಿಗಾಗಲೇ ಗ್ವಾಟೆಮಾಲಾದ ದಕ್ಷಿಣ ಕರಾವಳಿಯಲ್ಲಿ ಈ ಕೆಲಸದ ಪಾತ್ರೆಪರಡಿಗಳು ಇದ್ದುವೆಂದು ಪುರಾತತ್ತ್ವಜ್ಞರು ಹೇಳುತ್ತಾರೆ.

ಸುಣ್ಣದ ನೀರು ಮಾಡುವ ಕೆಲಸ ಮೂರು ಬಗೆಯದು. ಕಾಳಿನ ಮೇಲಿನ ಸಿಪ್ಪೆಯನ್ನು ಅದು ಸಡಿಲಿಸುತ್ತದೆ. ಸಿಪ್ಪೆಯ ಅಂಟು ಕರಗಿ, ಒಳಗಿನ ಪಿಷ್ಟ ಉಬ್ಬಿ, ಅರೆದ ಹಿಟ್ಟಿಗೆ ಹಿಡಿತ ಬರುತ್ತದೆ. ನನ್ನ ರೊಟ್ಟಿಗೆ ಇಲ್ಲದಿದ್ದ ಜಿಗಿ ಇದೇ. ಮೂರನೆಯ ಕೆಲಸ ಕಣ್ಣಿಗೆ ಕಾಣದು. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ಜೀವಸತ್ತ್ವವಿದೆ. ಆದರೆ ಅದು ಬೇರೆ ವಸ್ತುಗಳೊಡನೆ ಹೆಣೆದುಕೊಂಡು ಸೆರೆಯಲ್ಲಿದೆ. ಹಾಗೆಯೇ ತಿಂದರೆ ನಮ್ಮ ದೇಹಕ್ಕೆ ದಕ್ಕದು. ಸುಣ್ಣದ ನೀರು ಆ ಸೆರೆಯನ್ನು ಬಿಡಿಸುತ್ತದೆ.

ಈ ರಸಾಯನಶಾಸ್ತ್ರ ಆ ಹೆಂಗಸರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ದುಡಿಮೆ. ಮೆತಾತೆ ಎಂಬುದು ಮೂರು ಕಾಲಿನ, ಒಂದು ಕಡೆಗೆ ಇಳಿಜಾರಾದ ಅರೆಯುವ ಕಲ್ಲು. ಅದರ ಮುಂದೆ ಮಂಡಿಯೂರಿ ಕುಳಿತು, ಎರಡು ಕೈಯಿಂದ ಗುಂಡುಕಲ್ಲನ್ನು ಹಿಂದಕ್ಕೂ ಮುಂದಕ್ಕೂ ದೂಡಬೇಕು. ಒಂದು ಸಂಸಾರದ ರೊಟ್ಟಿಗೆ ದಿನಕ್ಕೆ ನಾಲ್ಕೈದು ಗಂಟೆಯ ಕೆಲಸ. ಕೋಳಿ ಕೂಗುವ ಮೊದಲೇ ಆರಂಭ. ಇಪ್ಪತ್ತನೆಯ ಶತಮಾನದಲ್ಲಿ ಹಳ್ಳಿಹಳ್ಳಿಗೆ ಗಿರಣಿ ಬಂದಾಗ ಎಷ್ಟೋ ಗಂಡಸರು ಗಿರಣಿ ಹಿಟ್ಟಿಗೆ ರುಚಿಯಿಲ್ಲವೆಂದು ಗೊಣಗಿದರು. ಮಂಡಿ ನೋಯುತ್ತಿದ್ದುದು ಅವರದಲ್ಲವಷ್ಟೆ! ಹೆಂಗಸರು ಮಾತ್ರ ಕಾಳಿನ ಬಕೆಟ್ಟು ಹೊತ್ತು ಗಿರಣಿಯ ಮುಂದೆ ಸಾಲು ನಿಂತರು.

ಸ್ಪೇನಿನವರು ಬಂದಾಗ ಈ ಅಡುಗೆಮನೆ ಪೂರ್ಣ ವೈಭವದಲ್ಲಿತ್ತು. ಬೆರ್ನಾರ್ದಿನೊ ದ ಸಾಹಗುನ್ ಎಂಬ ಪಾದ್ರಿಯು ಹದಿನಾರನೆಯ ಶತಮಾನದಲ್ಲಿ ಅಲ್ಲಿಯ ವಿದ್ಯಾವಂತರನ್ನು ಜೊತೆಗಿಟ್ಟುಕೊಂಡು ಆ ಜನದ ಬದುಕನ್ನು ಹನ್ನೆರಡು ಭಾಗಗಳಲ್ಲಿ ಬರೆಯಿಸಿದನು. ಅದರಲ್ಲಿ ಪ್ರಭುಗಳ ಊಟದ ಪಟ್ಟಿಯೇ ಇದೆ: ಬಿಳಿಯ ರೊಟ್ಟಿ, ಮಡಿಸಿದ ರೊಟ್ಟಿ, ಮೆಣಸು ಹಾಕಿದ ಮೀನು, ಟೊಮೇಟೊ ಮತ್ತು ಕುಂಬಳಬೀಜ ಅರೆದು ಮಾಡಿದ ಮೀನಿನ ಪದಾರ್ಥ. ರಾಜಧಾನಿ ಸರೋವರದ ನಡುವೆ ಇದ್ದ ಊರು; ಮೀನಿಗೆ ಕೊರತೆಯಿಲ್ಲ. ಟಾಕೊ ಎಂಬ ಹೆಸರು ಬಂದದ್ದು ಬಹಳ ತಡವಾಗಿ. ಬೆಳ್ಳಿಯ ಗಣಿಗಳಲ್ಲಿ ಬಂಡೆ ಸಿಡಿಸಲು ಕಾಗದದಲ್ಲಿ ಸುತ್ತಿದ ಮದ್ದಿನ ತುಂಡಿಗೆ ಟಾಕೊ ಎನ್ನುತ್ತಿದ್ದರು. ಅಲ್ಲಿಂದ ಸುತ್ತಿದ ರೊಟ್ಟಿಗೆ ಆ ಹೆಸರು ಬಂದಿರಬೇಕೆಂದು ಇತಿಹಾಸಕಾರ ಜೆಫ್ರಿ ಪಿಲ್ಚರ್ ಊಹಿಸುತ್ತಾರೆ. ಹೆಸರು ಏನೇ ಇರಲಿ, ರೊಟ್ಟಿ ಮೀನುಗಳ ಸಂಗ ಹಳೆಯದು.

ಇನ್ನು ನಾನು ಬಿಟ್ಟ ಅರ್ಧ ಪಾಠಕ್ಕೆ ಬರುತ್ತೇನೆ. ಸ್ಪೇನಿನವರು ಮೆಕ್ಕೆಜೋಳದ ಬೀಜವನ್ನು ಯೂರೋಪಿಗೆ ಒಯ್ದರು. ಅದು ಬಡವರ ಹೊಲಗಳಲ್ಲಿ ಹುಲುಸಾಗಿ ಬೆಳೆಯಿತು. "ಅಮೆರಿಕವು ಜಗತ್ತಿಗಿತ್ತ ವರ" ಎಂದು ನಾನು ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಆದರೆ ಬೀಜ ಹೋಯಿತು, ಸುಣ್ಣ ಹೋಗಲಿಲ್ಲ. ಅಡುಗೆಯವರ ಮಾತನ್ನು ಹಡಗಿನವರು ಕೇಳಲಿಲ್ಲ. ಯೂರೋಪಿನಲ್ಲಿ ಕಾಳನ್ನು ಬೀಸಿ ಗಂಜಿ ಕಾಯಿಸಿದರು, ಅಷ್ಟೆ.

ಬೇರೇನೂ ಇಲ್ಲದೆ ಅದನ್ನೇ ತಿಂದ ಬಡವರಿಗೆ ಒಂದು ವಿಚಿತ್ರ ರೋಗ ಬಂತು. 1735ರಲ್ಲಿ ಸ್ಪೇನಿನ ಅಸ್ತೂರಿಯಾಸ್ ಪ್ರಾಂತದ ವೈದ್ಯ ಗಾಸ್ಪರ್ ಕಸಾಲನು ಅದನ್ನು ವರ್ಣಿಸಿದನು: ಬಿಸಿಲಿಗೆ ಬೀಳುವ ಕೈಕಾಲುಗಳ ಚರ್ಮ ಸುಟ್ಟಂತೆ ಕಪ್ಪಾಗಿ ಸುಲಿಯುವುದು, ಕತ್ತಿನ ಸುತ್ತ ಪಟ್ಟಿ ಕಟ್ಟಿದಂಥ ಗುರುತು. ಮುಂದೆ ಭೇದಿ, ಬುದ್ಧಿಭ್ರಮಣೆ, ಸಾವು. ಇಟಲಿಯಲ್ಲಿ 1771ರಲ್ಲಿ ಇದಕ್ಕೆ ಪೆಲ್ಲಾಗ್ರ ಎಂಬ ಹೆಸರು ಗ್ರಂಥಸ್ಥವಾಯಿತು. ಒರಟು ಚರ್ಮವೆಂದು ಅರ್ಥ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಅದು ಸಾವಿರಾರು ಜನರನ್ನು ಕೊಂದಿತು. ಅದು ಅಂಟುರೋಗವೆಂದು ಬಹುಮಂದಿಯ ನಂಬಿಕೆ.

1914ರಲ್ಲಿ ಅಮೆರಿಕದ ಸರ್ಕಾರ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನನ್ನು ಅಲ್ಲಿಗೆ ಕಳುಹಿಸಿತು. ಅವನು ಅನಾಥಾಲಯ, ಹುಚ್ಚಾಸ್ಪತ್ರೆಗಳಲ್ಲಿ ಒಂದು ಸಂಗತಿ ಗಮನಿಸಿದನು: ಒಳಗಿದ್ದವರಿಗೆ ರೋಗ ಬರುತ್ತದೆ, ಅವರನ್ನು ನೋಡಿಕೊಳ್ಳುವವರಿಗೆ ಬರುವುದಿಲ್ಲ. ಅಂಟುರೋಗವಾದರೆ ಹೀಗಾಗಬಾರದಲ್ಲ! ಅನಾಥ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ ಕೊಡಿಸಿದನು, ರೋಗ ಹೋಯಿತು. 1915ರಲ್ಲಿ ಮಿಸಿಸಿಪಿಯ ಸೆರೆಮನೆಯೊಂದರಲ್ಲಿ ಬಿಡುಗಡೆಯ ಭರವಸೆಯ ಮೇಲೆ ಒಪ್ಪಿದ ಕೈದಿಗಳಿಗೆ ಬಡವರ ಜೋಳದ ಊಟವನ್ನೇ ಇಟ್ಟನು. ಕೊನೆಯವರೆಗೆ ಉಳಿದ 11 ಮಂದಿಯಲ್ಲಿ 6 ಮಂದಿಗೆ ರೋಗ ಬಂತು. ಆದರೂ ಜನ ನಂಬಲಿಲ್ಲ. 1916ರಲ್ಲಿ ಅವನೂ ಅವನ ಗೆಳೆಯರೂ ರೋಗಿಗಳ ರಕ್ತವನ್ನು ಚುಚ್ಚಿಸಿಕೊಂಡರು, ಹೇಳಲು ಅಸಹ್ಯವಾಗುವ ವಸ್ತುಗಳನ್ನು ಗುಳಿಗೆ ಮಾಡಿ ನುಂಗಿದರು. ಅವನ ಹೆಂಡತಿಯೂ ರಕ್ತ ಚುಚ್ಚಿಸಿಕೊಂಡಳು. ಯಾರಿಗೂ ರೋಗ ತಗಲಲಿಲ್ಲ. 1929ರಲ್ಲಿ ಅವನು ತೀರಿಕೊಂಡನು. ಕೊರತೆಯಿದ್ದ ವಸ್ತು ನಯಾಸಿನ್ ಎಂಬುದು ತಿಳಿದದ್ದು 1937ರಲ್ಲಿ, ಕಾನ್ರಾಡ್ ಎಲ್ವೆಜೆಮ್ ಎಂಬ ವಿಜ್ಞಾನಿಯಿಂದ. ಕಸಾಲನಿಂದ ಅಲ್ಲಿಯವರೆಗೆ 202 ವರ್ಷ. ಅಷ್ಟು ಕಾಲವೂ ಮೆಕ್ಸಿಕೋದ ಬಡ ಹೆಂಗಸರು, ಹುರುಳಿಯಂಥ ಕಾಳಿನ ಜೊತೆಗೆ ಸುಣ್ಣದಲ್ಲಿ ಬೆಂದ ರೊಟ್ಟಿಯನ್ನು ತಿನ್ನಿಸಿ, ತಮ್ಮ ಮಕ್ಕಳನ್ನು ಆ ರೋಗದಿಂದ ದೂರವಿಟ್ಟಿದ್ದರು.

ಇದನ್ನು ಓದುತ್ತಿದ್ದಾಗ ನಾನು ಪುಸ್ತಕ ಮುಚ್ಚಿದೆ. 1979ರಲ್ಲಿ ನನಗೆ ಮೊದಲ ನೌಕರಿ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ. ಶಾಲೆಯ ಅಂಗಳ ಗುಡಿಸಲು ಒಬ್ಬ ಹೆಂಗಸು ಬರುತ್ತಿದ್ದಳು. ಅವಳ ಕೈಗಳು ಸುಟ್ಟ ಹಾಗೆ ಕಪ್ಪು. ಕತ್ತಿನ ಸುತ್ತ ಕಪ್ಪು ಪಟ್ಟಿ. ಊರವರು ಅವಳನ್ನು ದೂರವಿಡುತ್ತಿದ್ದರು. ನಾನು ಓದಿದವನು, ಆದರೂ ಅವಳು ನೀರು ಕೇಳಿದಾಗ ಕೊಡಲು ಒಂದು ಲೋಟವನ್ನು ಬೇರೆಯಾಗಿ ಕಿಟಕಿಯ ಮೇಲೆ ಇಟ್ಟಿದ್ದೆ. ಮುಂದೆ ಸರ್ಕಾರಿ ವೈದ್ಯರೊಬ್ಬರು ನೋಡಿ, ಗುಳಿಗೆ ಕೊಟ್ಟು, ಕೆಲವೇ ವಾರಗಳಲ್ಲಿ ಅವಳನ್ನು ಗುಣಪಡಿಸಿದರು. ಅವಳು ತಿನ್ನುತ್ತಿದ್ದದ್ದು ಮೆಕ್ಕೆಜೋಳವಲ್ಲ, ನಮ್ಮ ಬಿಳಿಜೋಳ, ಹೆಚ್ಚುಕಡಿಮೆ ಅದೊಂದನ್ನೇ. ದಖ್ಖನ್ನಿನ ಜೋಳ ಉಣ್ಣುವ ಬಡವರಲ್ಲಿಯೂ ಪೆಲ್ಲಾಗ್ರ ಇದೆಯೆಂಬುದನ್ನು ಹೈದರಾಬಾದಿನ ಪೋಷಣಾ ಪ್ರಯೋಗಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲೇ ಲೋಕಕ್ಕೆ ತಿಳಿಸಿದ್ದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಾಗಿರುವುದೇ ಕಾರಣವೆಂಬ ಅವರ ವಾದದ ಬಗ್ಗೆ ಮುಂದೆ ಬಹಳ ಚರ್ಚೆ ನಡೆಯಿತು. ಆದರೆ ರೋಗ ಅಂಟುವುದಲ್ಲವೆಂಬುದು ಇತ್ಯರ್ಥವಾಗಿ ಆಗಲೇ ದಶಕಗಳು ಕಳೆದಿದ್ದುವು. ನನ್ನ ಲೋಟ ಮಾತ್ರ ಬೇರೆ ಇತ್ತು.

ಮೆಕ್ಕೆಜೋಳದ ಮೇಲೆ ನಮಗೂ ಒಂದು ಹಕ್ಕುಸಾಧನೆಯ ಪ್ರಸಂಗ ಉಂಟು. ಸೋಮನಾಥಪುರದ ಹೊಯ್ಸಳ ದೇಗುಲದ ವಿಗ್ರಹಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆಯೆಂದೂ, ಆದ್ದರಿಂದ ಕೊಲಂಬಸನಿಗೆ ಮೊದಲೇ ಅದು ಇಲ್ಲಿಗೆ ಬಂದಿತ್ತೆಂದೂ ಅಮೆರಿಕದ ಜೊಹಾನೆಸನ್ ಮತ್ತು ಪಾರ್ಕರ್ 1989ರಲ್ಲಿ ಬರೆದರು. ನಮ್ಮವರೇ ಆದ ಪಾಯಕ್ ಮತ್ತು ಸಚಾನ್ ಅದನ್ನು ಅಲ್ಲಗಳೆದು, ಅದು ಮುತ್ತಿನ ಕಾಲ್ಪನಿಕ ಫಲ, ಮುಕ್ತಾಫಲ, ಎಂದರು. ನನಗೆ ಅವರ ಮಾತೇ ಸರಿಯೆನಿಸುತ್ತದೆ. ಅಷ್ಟು ಹಿಂದೆಯೇ ಅದು ನಮ್ಮ ಹೊಲದಲ್ಲಿದ್ದರೆ ಅದರ ಅಡುಗೆಯೂ ಹಾಡುಗಾದೆಗಳೂ ನಮ್ಮಲ್ಲಿ ಉಳಿಯಬೇಡವೇ?

ಮೀನಿನ ಟಾಕೊ ಈಗಿನ ರೂಪಕ್ಕೆ ಬಂದದ್ದು ಶಾಂತಸಾಗರದ ಅಂಚಿನ ಬಾಹಾ ಕ್ಯಾಲಿಫೋರ್ನಿಯಾದಲ್ಲಿ. ತಮ್ಮದೇ ಮೊದಲೆಂದು ಎನ್ಸೆನಾದ ಬಂದರಿನವರೂ ಸ್ಯಾನ್ ಫೆಲಿಪೆಯವರೂ ಇಂದಿಗೂ ವಾದಿಸುತ್ತಾರೆ. ಮೀನನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವುದನ್ನು ಜಪಾನೀ ಬೆಸ್ತರಿಂದ ಕಲಿತರೆಂಬ ಮಾತೂ ಇದೆ. ಸ್ಯಾನ್ ಫೆಲಿಪೆಯಲ್ಲಿ ಅದರ ರುಚಿ ಕಂಡ ರಾಲ್ಫ್ ರೂಬಿಯೊ ಎಂಬ ವಿದ್ಯಾರ್ಥಿ 1983ರಲ್ಲಿ ಸ್ಯಾನ್ ಡಿಯೇಗೋದಲ್ಲಿ ಅಂಗಡಿ ತೆರೆದ ಮೇಲೆ ಅದು ಗಡಿಯಾಚೆಗೂ ಮನೆಮಾತಾಯಿತು.

ಕೊನೆಗೆ ನನ್ನ ರೊಟ್ಟಿ. ಒಂದು ಕಿಲೋ ಒಣಗಿದ ಮೆಕ್ಕೆಜೋಳಕ್ಕೆ ಮೂರು ಲೀಟರು ನೀರು, ಹತ್ತು ಗ್ರಾಮು ಸುಣ್ಣ. ಗೋಡೆಗೆ ಬಳಿಯುವುದು ಕೂಡದು. ತಿನ್ನುವುದಕ್ಕೆಂದೇ ಶುದ್ಧ ಮಾಡಿದ್ದು ಬೇಕು. ಪಾತ್ರೆ ಅಲ್ಯೂಮಿನಿಯಮ್ಮಿನದಾಗಬಾರದು, ಸುಣ್ಣ ಅದನ್ನು ತಿನ್ನುತ್ತದೆ. ಮುಕ್ಕಾಲು ಗಂಟೆ ಸಣ್ಣಗೆ ಬೇಯಿಸಿ, ಮುಚ್ಚಿ, ಮರುದಿನ ಬೆಳಿಗ್ಗೆ ತೊಳೆದರೆ ಸಿಪ್ಪೆ ಬೆರಳಿಗೇ ಬರುತ್ತದೆ. ಆದಷ್ಟು ಕಡಮೆ ನೀರಿನಲ್ಲಿ ಗಟ್ಟಿಯಾಗಿ ಅರೆದೆವು. ಬಾಳೆಲೆಯ ನಡುವೆ ಒತ್ತಿ ಕಾವಲಿಗೆ ಹಾಕಿದಾಗ ರೊಟ್ಟಿ ಬಿರಿಯಲಿಲ್ಲ, ಮಗುಚಿದಾಗ ಉಬ್ಬಿತು. ಆ ಹಳೆಯ ಪರಿಮಳ ಮನೆ ತುಂಬಿತು. ಕಾಣೆಮೀನನ್ನು ಹಿಟ್ಟಿನಲ್ಲಿ ಅದ್ದಿ ಕರಿದು, ಕೋಸು ಚಟ್ನಿಗಳೊಡನೆ ಮಡಿಸಿ ತಿಂದೆವು.

ಮಗಳು ಫೋನಿನಲ್ಲಿ ಕೇಳಿದಳು, ಹೇಗಾಯಿತೆಂದು. ಚೆನ್ನಾಯಿತು, ಆ ಅಜ್ಜಿಗೆ ನನ್ನ ನಮಸ್ಕಾರ ಹೇಳು ಎಂದೆ. ಕಿಟಕಿಯ ಮೇಲಿನ ಲೋಟದ ವಿಷಯವನ್ನು ಅವಳಿಗೆ ಹೇಳಲಿಲ್ಲ. ಇಲ್ಲಿ ಬರೆದಿದ್ದೇನೆ; ಓದಿ ತಿಳಿಯಲಿ.