ಪ್ರೊಸೆಸರ್ ಯಾವುದು? ಪೆಟ್ಟಿಗೆ ಬಿಚ್ಚದೆ ತಿಳಿಯುವ ಬಗೆ

ಗುರುವಾಯನಕೆರೆ: ಬಳಸಿದ ಕಂಪ್ಯೂಟರ್ ಕೊಳ್ಳುವಾಗ ಹೊರಕವಚದ ಸ್ಟಿಕ್ಕರ್ ನಂಬಿ ಹಣ ಎಣಿಸುವವರು ಹಲವರು. ಒಳಗಿನ ಪ್ರೊಸೆಸರ್ ಬೇರೆಯಾಗಿದ್ದರೆ ನಷ್ಟ ಕೊಂಡವರದ್ದೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಿನ ಬಹುತೇಕ ಪ್ರೊಸೆಸರ್‌ಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹೀಗಾಗಿ ಪ್ರೊಸೆಸರಿನ ಗುರುತು ಈಗ ಇನ್ನಷ್ಟು ಮುಖ್ಯ.

ಸಿಪಿಯುಐಡಿ ಆದೇಶ

1993ರ ಪೆಂಟಿಯಂ ಹಾಗೂ 486ರ ಕೊನೆಯ ಮಾದರಿಗಳಿಂದ ಈಚೆಗೆ ಪ್ರೊಸೆಸರ್‌ಗಳಲ್ಲಿ 'ಸಿಪಿಯುಐಡಿ' ಎಂಬ ಆದೇಶವಿದೆ. ಇಎಎಕ್ಸ್ ರಿಜಿಸ್ಟರಿನಲ್ಲಿ 0 ಇರಿಸಿ ಅದನ್ನು ನಡೆಸಿದರೆ 'ಜೆನ್ಯೂಯಿನ್‌ಇಂಟೆಲ್' ಅಥವಾ 'ಅಥೆಂಟಿಕ್‌ಎಎಂಡಿ' ಎಂಬ, ಇಂಗ್ಲಿಷಿನಲ್ಲಿ 12 ಅಕ್ಷರಗಳ ಉತ್ತರ ಮೂರು ರಿಜಿಸ್ಟರ್‌ಗಳಲ್ಲಿ ಹಂಚಿ ಬರುತ್ತದೆ. 1 ಇರಿಸಿದರೆ ಕುಟುಂಬ, ಮಾದರಿ ಸಂಖ್ಯೆಗಳೂ ಸಾಮರ್ಥ್ಯಗಳ ವಿವರವೂ ದೊರೆಯುತ್ತವೆ.

ಬೆಂಗಳೂರಿನ ಇಂಟೆಲ್ ಕೇಂದ್ರದಲ್ಲಿ ವಿನ್ಯಾಸಗೊಂಡು 2008ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ, ಆರು ಕೋರ್‌ಗಳ 'ಡನ್ನಿಂಗ್ಟನ್' ಕ್ಸಿಯಾನ್ ಇದಕ್ಕೆ ಉದಾಹರಣೆ. ಸುಮಾರು 190 ಕೋಟಿ ಟ್ರಾನ್ಸಿಸ್ಟರ್‌ಗಳುಳ್ಳ ಈ ಚಿಪ್ ತನ್ನನ್ನು ಕುಟುಂಬ 6, ಮಾದರಿ 29 ಎಂದು ಪರಿಚಯಿಸಿಕೊಳ್ಳುತ್ತದೆ.

ಅದಕ್ಕೂ ಮುನ್ನ

ಈ ಆದೇಶವಿಲ್ಲದ ಕಾಲದಲ್ಲಿ ತಂತ್ರಾಂಶಗಳು ಪ್ರೊಸೆಸರಿನ ವರ್ತನೆಯಿಂದಲೇ ಊಹಿಸುತ್ತಿದ್ದವು. ಫ್ಲ್ಯಾಗ್ ರಿಜಿಸ್ಟರಿನ ಮೇಲಿನ ನಾಲ್ಕು ಬಿಟ್‌ಗಳು 8086ರಲ್ಲಿ ಸದಾ 1, ರಿಯಲ್ ಮೋಡ್‌ನಲ್ಲಿರುವ 286ರಲ್ಲಿ ಸದಾ 0. 18ನೇ ಬಿಟ್ ಬದಲಾಗದಿದ್ದರೆ 386, ಬದಲಾದರೆ 486. 21ನೇ ಬಿಟ್ಟನ್ನೂ ಬದಲಿಸಲು ಸಾಧ್ಯವಾದರೆ ಸಿಪಿಯುಐಡಿ ಇದೆ ಎಂದರ್ಥ.

ಎಲ್ಲಿ ಮೋಸ ಹೋಗಬಹುದು?

* ವಿಂಡೋಸ್‌ನ 'ಸಿಸ್ಟಮ್' ಪುಟದಲ್ಲಿ ಕಾಣುವ ಹೆಸರು ರಿಜಿಸ್ಟ್ರಿಯಿಂದ ಬರುವಂಥದ್ದು, ಅದನ್ನು ತಿದ್ದಬಹುದು. ಸಿಪಿಯು-ಝಡ್‌ನಂತಹ ಉಚಿತ ತಂತ್ರಾಂಶ ಪ್ರೊಸೆಸರನ್ನೇ ನೇರವಾಗಿ ಕೇಳುತ್ತದೆ. ಲಿನಕ್ಸ್‌ನಲ್ಲಿ 'ಎಲ್‌ಎಸ್‌ಸಿಪಿಯು' ಆದೇಶ ಸಾಕು.
* ವರ್ಚುಯಲ್ ಯಂತ್ರದಲ್ಲಿ ಸಿಪಿಯುಐಡಿಯ ಉತ್ತರವನ್ನೂ ಬದಲಿಸಲು ಸಾಧ್ಯ.
* 64 ಬಿಟ್ ವಿಂಡೋಸ್‌ನಲ್ಲಿ ಓಡುವ 32 ಬಿಟ್ ತಂತ್ರಾಂಶಕ್ಕೆ ಯಂತ್ರವೂ 32 ಬಿಟ್‌ನದೆಂದೇ ತೋರಬಹುದು.
* ಬಹುತೇಕ ಮೊಬೈಲ್‌ಗಳಲ್ಲಿರುವ ಆರ್ಮ್ ಪ್ರೊಸೆಸರ್‌ಗಳಲ್ಲಿ ಸಿಪಿಯುಐಡಿ ಆದೇಶವಿಲ್ಲ; ಗುರುತಿಗೆ ಪ್ರತ್ಯೇಕ ರಿಜಿಸ್ಟರ್ ಇದೆ.

ಹೆಸರಿಗಿಂತ ಸಾಮರ್ಥ್ಯ

ತಂತ್ರಾಂಶ ಬರೆಯುವವರು ತಯಾರಕರ ಹೆಸರು ನೋಡಿ ನಿರ್ಧರಿಸುವುದಕ್ಕಿಂತ ಬೇಕಾದ ಸಾಮರ್ಥ್ಯ ಇದೆಯೇ ಎಂದು ಪರೀಕ್ಷಿಸುವುದು ಲೇಸು. ಇಂಟೆಲ್‌ನ ಕಂಪೈಲರ್ ಬೇರೆ ತಯಾರಕರ ಪ್ರೊಸೆಸರ್‌ಗಳಿಗೆ ನಿಧಾನದ ದಾರಿ ಹಿಡಿಸುತ್ತದೆ ಎಂಬ ಆರೋಪ ಅಮೆರಿಕದ ವ್ಯಾಪಾರ ಆಯೋಗದವರೆಗೂ ಹೋಗಿತ್ತು. 2010ರ ಒಪ್ಪಂದದಲ್ಲಿ ಈ ವಿಷಯವೂ ಸೇರಿತ್ತು.

ಕೊಳ್ಳುವವರಿಗೆ ಮಾತ್ರ ಸೂತ್ರ ಸರಳ: ಯಂತ್ರವನ್ನು ಚಾಲೂ ಮಾಡಿಸಿ, ಪ್ರೊಸೆಸರಿನ ಹೆಸರು ಪರೀಕ್ಷಿಸಿ, ಆಮೇಲೆ ಹಣ ಕೊಡಿ.