ಮತಪೆಟ್ಟಿಗೆ ಎಳೆದ ಗಡಿ: ಶ್ಲೆಸ್ವಿಗ್ ಜನಮತಗಣನೆಯ ಪಾಠ

ಎರಡು ದೇಶಗಳು ಒಂದೇ ನೆಲವನ್ನು ತಮ್ಮದೆಂದು ವಾದಿಸಿದಾಗ ಅದನ್ನು ತೀರ್ಮಾನಿಸುವ ದಾರಿಗಳು ಇತಿಹಾಸದಲ್ಲಿ ಹೆಚ್ಚಿಲ್ಲ. ಯುದ್ಧ ಒಂದು, ರಾಜರು ಮತ್ತು ಮಂತ್ರಿಗಳ ಸಂಧಾನ ಇನ್ನೊಂದು. ಮೂರನೆಯದು ಆ ನೆಲದಲ್ಲಿ ಬಾಳುತ್ತಿರುವ ಜನರನ್ನೇ ಕೇಳುವುದು. ಇದನ್ನು ಜನಮತಗಣನೆ ಎನ್ನುತ್ತೇವೆ. ಮೇಲ್ನೋಟಕ್ಕೆ ಇದು ಸರಳ. ಆದರೆ ಯಾರು ಕೇಳಬೇಕು, ಯಾರನ್ನು ಕೇಳಬೇಕು, ಬಂದ ಉತ್ತರವನ್ನು ಹೇಗೆ ಎಣಿಸಬೇಕು, ಸೋತವರು ನಾಳೆ ಹೇಗೆ ಬಾಳಬೇಕು ಎಂಬ ನಾಲ್ಕು ಪ್ರಶ್ನೆಗಳು ಇದರ ಹಿಂದಿವೆ. ಈ ನಾಲ್ಕನ್ನೂ ಅರಿಯಲು 1920ರ ಶ್ಲೆಸ್ವಿಗ್ ಜನಮತಗಣನೆ ಒಂದು ಉತ್ತಮ ಉದಾಹರಣೆ.

ಮುರಿದ ಮಾತು

ಶ್ಲೆಸ್ವಿಗ್ ಇರುವುದು ಡೆನ್ಮಾರ್ಕ್ ಮತ್ತು ಜರ್ಮನಿಗಳ ನಡುವೆ. ಉತ್ತರದ ಹಳ್ಳಿಗಳಲ್ಲಿ ಡೇನಿಷ್ ಮಾತು, ದಕ್ಷಿಣದಲ್ಲಿ ಜರ್ಮನ್, ಪಶ್ಚಿಮ ಕರಾವಳಿಯಲ್ಲಿ ಫ್ರೀಸಿಯನ್. ಶತಮಾನಗಳ ಕಾಲ ಡೆನ್ಮಾರ್ಕಿನ ದೊರೆಯ ಆಳ್ವಿಕೆಯಲ್ಲಿದ್ದ ಈ ಪ್ರಾಂತ್ಯವನ್ನು 1864ರ ಯುದ್ಧದಲ್ಲಿ ಪ್ರಷ್ಯಾ ಮತ್ತು ಆಸ್ಟ್ರಿಯಾ ಕೂಡಿ ಗೆದ್ದವು. ಎರಡೇ ವರ್ಷಗಳಲ್ಲಿ ಗೆದ್ದವರಿಬ್ಬರೇ ಕಾದಾಡಿದರು. 1866ರ ಪ್ರಾಗ್ ಒಪ್ಪಂದದ 5ನೆಯ ವಿಧಿಯಲ್ಲಿ, ಉತ್ತರ ಶ್ಲೆಸ್ವಿಗ್‌ನ ಜನ ಮುಕ್ತ ಮತದಾನದಿಂದ ಬಯಸಿದರೆ ಆ ಭಾಗವನ್ನು ಡೆನ್ಮಾರ್ಕಿಗೆ ಬಿಟ್ಟುಕೊಡಬೇಕೆಂದು ಬರೆಯಲಾಯಿತು.

ಆ ಮತದಾನ ನಡೆಯಲೇ ಇಲ್ಲ. 1878ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾ ತಮ್ಮೊಳಗೇ ಮಾತಾಡಿಕೊಂಡು ಆ ವಿಧಿಯನ್ನು ರದ್ದುಗೊಳಿಸಿದವು. ಯಾರ ಹಕ್ಕನ್ನು ಕುರಿತು ಅದನ್ನು ಬರೆಯಲಾಗಿತ್ತೋ ಅವರನ್ನು ಯಾರೂ ಕೇಳಲಿಲ್ಲ. 1888ರಲ್ಲಿ ಶಾಲೆಗಳಿಂದ ಡೇನಿಷ್ ಭಾಷೆಯೂ ಹೊರಬಿತ್ತು. ಧರ್ಮಬೋಧೆಯ ಕೆಲವು ತರಗತಿಗಳನ್ನು ಬಿಟ್ಟರೆ ಉಳಿದ ಪಾಠಗಳೆಲ್ಲ ಜರ್ಮನ್ ಭಾಷೆಯಲ್ಲಿ. ಮೊದಲ ಮಹಾಯುದ್ಧ ಬಂದಾಗ ಡೆನ್ಮಾರ್ಕ್ ತಟಸ್ಥವಾಗಿತ್ತು. ಆದರೆ ಈ ಡೇನಿಷ್ ಮನೆಗಳ ಯುವಕರು ಜರ್ಮನಿಯ ಸಮವಸ್ತ್ರ ತೊಟ್ಟು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಮಡಿದರು.

ಕಾವಲುಗಾರ ಯಾರು?

1919ರ ವರ್ಸೇಲ್ಸ್ ಒಪ್ಪಂದ ಹಳೆಯ ವಾಗ್ದಾನಕ್ಕೆ ಮರುಜೀವ ಕೊಟ್ಟಿತು. ಈ ಬಾರಿ ಮತದಾನವನ್ನು ಜರ್ಮನಿಯ ಕೈಗೂ ಕೊಡಲಿಲ್ಲ, ಡೆನ್ಮಾರ್ಕಿನ ಕೈಗೂ ಕೊಡಲಿಲ್ಲ. ಒಪ್ಪಂದ ಜಾರಿಗೆ ಬಂದ ಹತ್ತು ದಿನಗಳೊಳಗೆ ಜರ್ಮನ್ ಸೇನೆ ಮತ್ತು ಹಿರಿಯ ಅಧಿಕಾರಿಗಳು ಆ ಪ್ರದೇಶ ಬಿಟ್ಟು ಹೊರಡಬೇಕಾಯಿತು. ಆಡಳಿತ ಒಂದು ಅಂತಾರಾಷ್ಟ್ರೀಯ ಆಯೋಗಕ್ಕೆ ಬಂತು. ಬ್ರಿಟನ್ನಿನ ಸರ್ ಚಾರ್ಲ್ಸ್ ಮಾರ್ಲಿಂಗ್ ಇದರ ಅಧ್ಯಕ್ಷರು. ಕವಿಯೂ ರಾಜತಂತ್ರಜ್ಞರೂ ಆಗಿದ್ದ ಪಾಲ್ ಕ್ಲೋದೆಲ್ ಫ್ರಾನ್ಸಿನ ಪ್ರತಿನಿಧಿ. ನಾರ್ವೆ ಮತ್ತು ಸ್ವೀಡನ್ನಿನಿಂದ ಒಬ್ಬೊಬ್ಬರು. ಅಮೆರಿಕದ ಸೆನೆಟ್ ಒಪ್ಪಂದವನ್ನು ಅನುಮೋದಿಸದ ಕಾರಣ ಐದನೆಯ ಸ್ಥಾನ ಖಾಲಿಯಾಗಿಯೇ ಉಳಿಯಿತು. ಶಾಂತಿಪಾಲನೆಗೆ ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳು ಬಂದವು.

ಮತದಾರರು ಯಾರೆಂಬುದೂ ಸ್ಪಷ್ಟವಿತ್ತು. ಇಪ್ಪತ್ತು ವರ್ಷ ತುಂಬಿದ, ಆ ವಲಯದಲ್ಲಿ ಹುಟ್ಟಿದ ಅಥವಾ 1900ಕ್ಕಿಂತ ಮೊದಲಿನಿಂದ ಅಲ್ಲಿ ನೆಲೆಸಿದ ಸ್ತ್ರೀ ಪುರುಷರೆಲ್ಲರಿಗೂ ಮತವಿತ್ತು. ಜರ್ಮನ್ ಸರಕಾರ ಹಿಂದೆ ಗಡೀಪಾರು ಮಾಡಿದ್ದವರಿಗೂ ಇತ್ತು. ಮತದಾನಕ್ಕೆ ಮೊದಲು ಹೊರಗಿನವರನ್ನು ತಂದು ತುಂಬಿಸುವ, ಒಳಗಿನವರನ್ನು ಹೊರಗಟ್ಟುವ ಕುಯುಕ್ತಿಗೆ ಇದರಿಂದ ತಡೆ ಬಿತ್ತು. ಬೇರೆಡೆ ನೆಲೆಸಿದ್ದ ಸಾವಿರಾರು ಜನ ರೈಲು ಹಡಗುಗಳಲ್ಲಿ ಹುಟ್ಟೂರಿಗೆ ಬಂದು ಮತ ಹಾಕಿದರು.

ಎಣಿಕೆಯ ಪ್ರಶ್ನೆ

ಪ್ರದೇಶವನ್ನು ಎರಡು ವಲಯಗಳಾಗಿ ವಿಂಗಡಿಸಲಾಗಿತ್ತು. ಡೇನಿಷ್ ಇತಿಹಾಸಕಾರ ಎಚ್. ವಿ. ಕ್ಲೌಸನ್ 1890ರ ದಶಕದಲ್ಲಿ ಜನರ ಭಾಷೆ ಮತ್ತು ಒಲವುಗಳನ್ನು ಪರಿಶೀಲಿಸಿ ಗುರುತಿಸಿದ್ದ ಗೆರೆಯೇ ಈ ವಿಂಗಡಣೆಗೆ ಆಧಾರ. 1920ರ ಫೆಬ್ರವರಿ 10ರಂದು ಉತ್ತರದ ಮೊದಲ ವಲಯ ಮತ ಹಾಕಿತು: ಡೆನ್ಮಾರ್ಕಿಗೆ 75,431, ಜರ್ಮನಿಗೆ 25,329. ಮಾರ್ಚ್ 14ರಂದು ಎರಡನೆಯ ವಲಯದ ಸರದಿ: ಜರ್ಮನಿಗೆ ಸುಮಾರು 80 ಪ್ರತಿಶತ. ಫ್ಯೋರ್ ದ್ವೀಪದ ಮೂರು ಸಣ್ಣ ಹಳ್ಳಿಗಳನ್ನು ಬಿಟ್ಟರೆ ಅಲ್ಲಿ ಡೆನ್ಮಾರ್ಕಿಗೆ ಎಲ್ಲೂ ಬಹುಮತ ಬರಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಮುಚ್ಚಿಡಲಾಗದು. ಮೊದಲ ವಲಯದ ಮತಗಳನ್ನು ಒಟ್ಟಾಗಿ ಎಣಿಸಿದರು, ಎರಡನೆಯದನ್ನು ಊರು ಊರಾಗಿ. ಹೀಗಾಗಿ ಮುಕ್ಕಾಲು ಪಾಲು ಜನ ಜರ್ಮನಿಯನ್ನು ಬಯಸಿದ್ದ ಟೋಂಡರ್ ಪಟ್ಟಣವೂ ಡೆನ್ಮಾರ್ಕಿಗೆ ಸೇರಿತು. ಎಣಿಸುವ ಘಟಕ ಯಾವುದು ಎಂಬುದೇ ಎಷ್ಟೋ ಸಲ ಫಲಿತಾಂಶವನ್ನು ನಿರ್ಧರಿಸುತ್ತದೆ. ಜರ್ಮನರ ಈ ಅಸಮಾಧಾನಕ್ಕೆ ಆಧಾರವಿತ್ತು.

ಅತ್ತ ಡೆನ್ಮಾರ್ಕಿನಲ್ಲೂ ಅತೃಪ್ತಿ ಇತ್ತು. ಮತ ಏನೇ ಇರಲಿ, ಫ್ಲೆನ್ಸ್‌ಬರ್ಗ್ ನಗರ ತಮಗೇ ಬರಬೇಕೆಂದು ರಾಷ್ಟ್ರವಾದಿಗಳು ಹಟ ಹಿಡಿದರು. ಪ್ರಧಾನಿ ಸಾಲೆ ಅದಕ್ಕೆ ಒಪ್ಪದಿದ್ದಾಗ ದೊರೆ ಹತ್ತನೆಯ ಕ್ರಿಶ್ಚಿಯನ್ ಅವರ ಸರಕಾರವನ್ನೇ ವಜಾ ಮಾಡಿದ. ಸಾರ್ವತ್ರಿಕ ಮುಷ್ಕರದ ಬೆದರಿಕೆ ಎದುರಾಗಿ ದೊರೆ ಕೊನೆಗೆ ಹಿಂದೆ ಸರಿಯಬೇಕಾಯಿತು. ಜನ ಕೊಟ್ಟ ತೀರ್ಪಿನಂತೆಯೇ ಗಡಿ ನಿಂತಿತು.

ಸೋತವರ ಶಾಲೆ

ಗೆರೆ ಎಳೆದ ಮಾತ್ರಕ್ಕೆ ಕಥೆ ಮುಗಿಯಲಿಲ್ಲ. ಗಡಿಯ ಎರಡೂ ಬದಿಗಳಲ್ಲಿ ಅಲ್ಪಸಂಖ್ಯಾತರು ಉಳಿದರು. 1940ರಲ್ಲಿ ನಾಜಿ ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿತು. 1945ರ ನಂತರ ಡೆನ್ಮಾರ್ಕಿನಲ್ಲಿ ಜರ್ಮನ್ ಅಲ್ಪಸಂಖ್ಯಾತರ ಶಾಲೆಗಳನ್ನು ಸರಕಾರ ವಶಪಡಿಸಿಕೊಂಡಿತು. ದಕ್ಷಿಣದಲ್ಲಿ 1954ರ ಪ್ರಾಂತೀಯ ಚುನಾವಣೆಯಲ್ಲಿ ಡೇನಿಷ್ ಅಲ್ಪಸಂಖ್ಯಾತರ ಪಕ್ಷಕ್ಕೆ 42,000ಕ್ಕೂ ಹೆಚ್ಚು ಮತ ಬಂದರೂ, 5 ಪ್ರತಿಶತದ ನಿಯಮದಿಂದಾಗಿ ಒಂದು ಸ್ಥಾನವೂ ದಕ್ಕಲಿಲ್ಲ. ಕಹಿ ಎರಡೂ ಕಡೆ ಇತ್ತು.

ಈ ಕಹಿಯನ್ನು ಇಳಿಸಿದ್ದು 1955ರ ಮಾರ್ಚ್ 29ರ ಬಾನ್-ಕೋಪನ್‌ಹೇಗನ್ ಘೋಷಣೆಗಳು. ಎರಡೂ ಸರಕಾರಗಳು ತಮ್ಮ ತಮ್ಮ ಅಲ್ಪಸಂಖ್ಯಾತರ ಬಗ್ಗೆ ಬೇರೆ ಬೇರೆಯಾಗಿ ಮಾತು ಕೊಟ್ಟವು. ತಾನು ಡೇನ್ ಅಥವಾ ಜರ್ಮನ್ ಎಂದು ಹೇಳಿಕೊಳ್ಳಲು ಪ್ರತಿಯೊಬ್ಬನೂ ಸ್ವತಂತ್ರ. ಯಾವ ಅಧಿಕಾರಿಯೂ ಅದನ್ನು ಪ್ರಶ್ನಿಸುವಂತಿಲ್ಲ, ಪರೀಕ್ಷಿಸುವಂತಿಲ್ಲ. ಡೇನಿಷ್ ಪಕ್ಷಕ್ಕೆ 5 ಪ್ರತಿಶತದ ನಿಯಮದಿಂದ ವಿನಾಯಿತಿ ಸಿಕ್ಕಿತು. ಡೆನ್ಮಾರ್ಕಿನ ಜರ್ಮನ್ ಶಾಲೆಗಳಿಗೆ ಮಾನ್ಯ ಪರೀಕ್ಷೆ ನಡೆಸುವ ಹಕ್ಕಿನ ದಾರಿ ತೆರೆಯಿತು. ತಮ್ಮ ಭಾಷೆಯ ಶಾಲೆಗೆ ಮಾನ್ಯತೆ ಇರುವುದೆಂದರೆ ಒಂದು ಸಮುದಾಯಕ್ಕೆ ಏನರ್ಥವೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಇಂದು ಗಡಿಯ ದಕ್ಷಿಣಕ್ಕೆ ಡೇನಿಷ್ ಶಾಲೆಗಳೂ ಉತ್ತರಕ್ಕೆ ಜರ್ಮನ್ ಶಾಲೆಗಳೂ ನಡೆಯುತ್ತಿವೆ. 2021ರಲ್ಲಿ ಆ ಡೇನಿಷ್ ಅಲ್ಪಸಂಖ್ಯಾತರ ಪಕ್ಷದ ಅಭ್ಯರ್ಥಿ ಜರ್ಮನಿಯ ಸಂಸತ್ತಿಗೂ ಆಯ್ಕೆಯಾದರು.

ವಿದ್ಯಾರ್ಥಿ ಮಿತ್ರರೇ, 1920ರ ಆ ಗಡಿ ಒಂದು ಶತಮಾನ ದಾಟಿ ಇಂದಿಗೂ ಅಲ್ಲೇ ಇದೆ. ನಿಷ್ಪಕ್ಷಪಾತ ಕಾವಲುಗಾರ, ಸ್ಪಷ್ಟ ಮತದಾರರ ಪಟ್ಟಿ, ರಹಸ್ಯ ಮತದಾನ ಇವೆಲ್ಲ ಅದಕ್ಕೆ ಅಡಿಪಾಯ ಹಾಕಿದವು. ಆದರೆ ಅದು ಬಾಳಿದ್ದು, ಸೋತವರ ಮಕ್ಕಳು ತಮ್ಮ ತಾಯ್ನುಡಿಯಲ್ಲಿ ಓದಿ ತಲೆಯೆತ್ತಿ ನಡೆಯಲು ಸಾಧ್ಯವಾದ ಮೇಲೆ. ಮತ ಎಣಿಸಲು ಒಂದು ದಿನ ಸಾಕಾಯಿತು. ಈ ನ್ಯಾಯಕ್ಕೆ ಮೂವತ್ತೈದು ವರ್ಷ ಬೇಕಾಯಿತು.