ಕರಾವಳಿಯ ನುಡಿಯಲ್ಲಿ ದ್ವೀಪಾಂತರದ ಶಬ್ದಗಳು

ಶಿಲಾಶಾಸನ, ತಾಮ್ರಪಟಗಳು ಮಾತ್ರವೇ ಇತಿಹಾಸಕ್ಕೆ ಸಾಧನಗಳೆಂದು ಭಾವಿಸುವುದು ಯುಕ್ತವಲ್ಲ. ಜನರ ನಾಲಗೆಯ ಮೇಲೆ ನಿಂತ ಶಬ್ದವೂ ಒಂದು ಶಾಸನವೇ ಸರಿ. ಕಾರವಾರ, ಅಂಕೋಲೆಗಳ ಕನ್ನಡ ಕೊಂಕಣಿಗಳಲ್ಲಿ ಇಂತಹ ಶಾಸನಗಳು ಹೇರಳವಾಗಿರುತ್ತವೆ.

ಕಾರವಾರದ ದಕ್ಷಿಣಕ್ಕೆ ತೀರದ ಸಮೀಪದಲ್ಲಿರುವ ಅಂಜದೀವ ದ್ವೀಪದಲ್ಲಿ 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ತಂಗಿದ್ದವು. 1505ರಲ್ಲಿ ಪೋರ್ತುಗೀಜರು ಅಲ್ಲಿ ಕೋಟೆಯನ್ನು ಕಟ್ಟಿ ಮರುವರ್ಷವೇ ತ್ಯಜಿಸಿದರು. 1510ರಲ್ಲಿ ಗೋವೆಯನ್ನು ಹಿಡಿದರು. 1682ರಲ್ಲಿ ದ್ವೀಪವನ್ನು ಪುನಃ ಭದ್ರಪಡಿಸಿಕೊಂಡರು. 1961ರವರೆಗೂ ಅದು ಅವರದೇ ಆಗಿತ್ತು. ಇಷ್ಟು ದೀರ್ಘಕಾಲದ ನೆರೆಯಿಂದ ಪಗಾರ, ಚಾವಿ, ಬಾಲ್ದಿ, ಪಾದ್ರಿ, ಇಗರ್ಜಿ ಮೊದಲಾದ ಶಬ್ದಗಳು ನಮ್ಮಲ್ಲಿ ನೆಲೆಗೊಂಡವು.

ಇವು ಬಂದ ರೀತಿಯು ವ್ಯಾಕರಣಜ್ಞರಿಗೆ ಅಪರಿಚಿತವಾದುದಲ್ಲ. 'ಇಗ್ರೇಜ' ಎಂಬುದು ಇಗರ್ಜಿಯಾದಾಗ ರಕಾರವು ಸ್ಥಾನವನ್ನು ಬದಲಿಸಿತು. ಹಿಂಸಧಾತುವಿನಿಂದ ಸಿಂಹಶಬ್ದವನ್ನು ಸಾಧಿಸುವ ವರ್ಣವಿಪರ್ಯಯವೇ ಇದು. 'ಅರ್ಮಾರಿಯು' ಅಲ್ಮಾರಿಯಾದಾಗ ರಕಾರ ಲಕಾರಗಳಿಗೆ ಭೇದವಿಲ್ಲವೆಂಬ ಹಳೆಯ ನ್ಯಾಯವು ನಡೆಯಿತು.

'ಬಟಾಟೆ'ಯ ಪಯಣವು ಇನ್ನೂ ದೂರದ್ದು. ಮೈಸೂರು ಸೀಮೆಯವರು ಆಲೂಗೆಡ್ಡೆಯೆನ್ನುವುದನ್ನು ನಾವು ಬಟಾಟೆಯೆನ್ನುತ್ತೇವೆ. 1492ರಲ್ಲಿ ಕೊಲಂಬಸನು ಮುಟ್ಟಿದ ಪಶ್ಚಿಮ ಸಮುದ್ರದ ದ್ವೀಪಗಳಲ್ಲಿ ತಾಯಿನೊ ಎಂಬ ಜನರಿದ್ದರು. ಗೆಣಸಿಗೆ ಅವರಿಟ್ಟ ಹೆಸರೇ 'ಬಟಾಟ'. ಅದು ಆ ದ್ವೀಪಗಳ ಸ್ಪ್ಯಾನಿಷಿಗೆ ಬಂದು, ಅಲ್ಲಿಂದ ಪೋರ್ತುಗೀಜಿಗೆ ಸೇರಿ, ಬೇರೊಂದು ಗಡ್ಡೆಗೆ ಅಂಟಿಕೊಂಡು ನಮ್ಮ ಸಂತೆಯನ್ನು ತಲುಪಿತು. ರೋಗದಿಂದಲೂ ದಾಸ್ಯದಿಂದಲೂ ಆ ಜನರು ಕೆಲವೇ ದಶಕಗಳಲ್ಲಿ ಕ್ಷೀಣಿಸಿದರು; ಅವರ ಭಾಷೆಯೂ ಅಳಿಯಿತು. ಆದರೂ ಅಂಕೋಲೆಯ ಮುದುಕಿಯೊಬ್ಬಳು ಬಟಾಟೆ ಕೊಳ್ಳುವಾಗ ಅವರದೊಂದು ನುಡಿಯನ್ನು ಉಚ್ಚರಿಸುತ್ತಾಳೆ!

ಇಂಥವು ಮ್ಲೇಚ್ಛಶಬ್ದಗಳು, ಗ್ರಂಥಸ್ಥ ಕನ್ನಡಕ್ಕೆ ಅನರ್ಹವೆಂದು ಕೆಲವರು ಆಕ್ಷೇಪಿಸುವುದುಂಟು. ಆದರೆ ಹೋರಾ, ಕೇಂದ್ರ ಎಂಬವು ಯವನರಿಂದ ಬಂದವು; ವರಾಹಮಿಹಿರಾಚಾರ್ಯರೇ ಅವನ್ನು ಬಳಸಿರುವರು. ಸಂಸ್ಕೃತಕ್ಕೆ ಹಾನಿಯಾಗದ ಕಾರ್ಯವು ಕನ್ನಡಕ್ಕೆ ಹೇಗೆ ದೋಷವಾದೀತು?

ಗೋವೆಯ ಸೆಬಾಸ್ತಿಯಾಂವ್ ರೊದೊಲ್ಫೊ ದಲ್ಗಾದೊ ಎಂಬ ಪಂಡಿತರು ಏಷ್ಯದ ಭಾಷೆಗಳಲ್ಲಿ ಸೇರಿದ ಪೋರ್ತುಗೀಜ ಶಬ್ದಗಳನ್ನು ಸಂಗ್ರಹಿಸಿ 1913ರಲ್ಲಿ ಪ್ರಕಟಿಸಿದರು. ಆದರೆ ಖಾರ್ವಿಯರ ದೋಣಿಯಲ್ಲಿ, ಹಾಲಕ್ಕಿಗಳ ಕೇರಿಯಲ್ಲಿ ಯಾವ ಶಬ್ದವು ಯಾವ ಅರ್ಥದಲ್ಲಿ ಬಾಳುತ್ತಿದೆಯೆಂಬುದನ್ನು ಊರವರೇ ಬರೆದಿಡಬೇಕು. ಪಾಠಶಾಲೆಯ ಮಕ್ಕಳು ಅಜ್ಜಿಯ ಮಾತನ್ನು ತಪ್ಪೆಂದು ತಿದ್ದುವ ಮೊದಲು ಅದನ್ನು ಬರೆದುಕೊಳ್ಳಲಿ. ಶಿಲೆಯು ಮಣ್ಣಿನಲ್ಲಿ ಹೂತರೆ ಅಗೆದು ತೆಗೆಯಬಹುದು. ನಾಲಗೆಯಿಂದ ಜಾರಿದ ಶಬ್ದವನ್ನು ಅಗೆಯುವ ಗುದ್ದಲಿಯಿಲ್ಲ.